ಮೋತಿಯ ಹುರುಳಿ ಚೀಲ

ನಮ್ಮ ಇಲಾಖೆಗೆ ಹೊಸದಾಗಿ ಸೇರಿದ ಪಶುವೈದ್ಯರು ಕೆಲವರು ಭಾನುವಾರ ಬೆಳಗ್ಗೆ ಕುವೆಂಪುನಗರದ ನಮ್ಮ ಮನೆಗೆ ಬಂದು ಕೂರುತ್ತಾರೆ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಮೆಲ್ಲಗೆ ಕೇಳುತ್ತಾರೆ: “ಸಾರ್, ರೋಗದ ಮೂಲ ಪತ್ತೆ ಮಾಡೋಕೆ ನಿಮ್ಮ ಕಾಲದಲ್ಲಿ ಏನೇನಿತ್ತು?” ಒಂದು ಸೈಕಲ್ಲಿತ್ತು ಕಣ್ರಪ್ಪ ಎನ್ನುತ್ತೇನೆ. ನಗುತ್ತಾರೆ. ನಾನು ನಗಿಸಲು ಹೇಳಿದ್ದಲ್ಲ. ಸೈಕಲ್ಲು, ಗೋಡೆಯ ಮೇಲೆ ಮೈಸೂರಿನ ಒಂದು ನಕ್ಷೆ, ಅದಕ್ಕೆ ಚುಚ್ಚುವ ಗುಂಡುಸೂಜಿ, ಇಷ್ಟೇ ಇದ್ದದ್ದು. ಸೂಕ್ಷ್ಮದರ್ಶಕ ಒಂದಿತ್ತು, ನಿಜ. ಅದರ ಮುಂದೆ ಕೂರಲು ಹಿರಿಯರ ಅಪ್ಪಣೆ ಬೇಕಿತ್ತು.

ನಾನು ಕೆಲಸಕ್ಕೆ ಸೇರಿದ್ದು ಸ್ವಾತಂತ್ರ್ಯ ಬಂದ ವರ್ಷ. ನಮ್ಮದು ಮಠಕ್ಕೆ ನಡೆದುಕೊಳ್ಳುವ ಒಕ್ಕಲು ಮನೆತನ. ಮಠದ ಹಾಸ್ಟೆಲ್ಲಿನಲ್ಲಿ ಉಂಡು ಓದಿದವನು ನಾನು. ದನದ ಡಾಕ್ಟರಾಗಿ ಬಂದಾಗ ನಮ್ಮವ್ವ ಅಕ್ಕಪಕ್ಕದವರ ಮುಂದೆ ಹೇಳಿದ ಮಾತು ಇನ್ನೂ ನೆನಪಿದೆ: “ಓದ್ದೇ ಇದ್ರೆ ದನ ಕಾಯ್ಬೇಕಾಯ್ತದೆ ಅಂತ ಎದರ್ಸಿ ಎದರ್ಸಿ ಓದುಸ್ದೆ. ಇವನು ಓದ್ಬುಟ್ಟೂ ಅದನ್ನೇ ಮಾಡ್ತಾವ್ನೆ.” ಆಮೇಲೆ ಚಿಕಿತ್ಸೆಯ ಕೆಲಸ ಬಿಡಿಸಿ ನನ್ನನ್ನು ರೋಗ ತಪಾಸಣೆಯ ವಿಭಾಗಕ್ಕೆ ಹಾಕಿದಾಗ ಅವಳಿಗೆ ಇನ್ನೂ ಬೇಜಾರಾಯಿತು. ಒಂದು ಹಸುವಿನ ಕಾಯಿಲೆ ವಾಸಿ ಮಾಡಿದರೆ ಯಜಮಾನ ಕೈ ಮುಗಿಯುತ್ತಾನೆ. ಆ ಕಾಯಿಲೆ ಎಲ್ಲಿಂದ ಬಂತು, ಇನ್ನೆಲ್ಲಿಗೆ ಹೋಗುತ್ತದೆ, ಮನುಷ್ಯರಿಗೂ ಹತ್ತೀತೇ ಎಂದು ಕೇಳಿಕೊಂಡು ಬೀದಿ ಅಲೆಯುವವನಿಗೆ ಬೈಗುಳವೇ ಹೆಚ್ಚು. ಬಡ್ತಿ ಯಾವಾಗ ಬಂತು, ಯಾರನ್ನು ಹಾರಿ ಬಂತು ಎಂಬುದನ್ನೆಲ್ಲ ಬರೆಯುವುದಿಲ್ಲ. ಅದನ್ನು ಓದಿ ನಿಮಗೇನಾಗಬೇಕು?

ನನ್ನ ಮೇಲಿನವರು ಚನ್ನಕೇಶವಯ್ಯನವರು. ಲಕ್ಷ್ಮೀಪುರಂನಿಂದ ಛತ್ರಿ ಹಿಡಿದು ನಡೆದೇ ಆಫೀಸಿಗೆ ಬರುತ್ತಿದ್ದರು. ಸರಿಗೆ ಪೇಟ, ಕುತ್ತಿಗೆವರೆಗೆ ಗುಂಡಿ ಹಾಕಿದ ಕೋಟು, ಜೇಬಿನಲ್ಲಿ ನಸ್ಯದ ಡಬ್ಬಿ. ಕೂಗಾಡಿ ಬೈದವರೇ ಅಲ್ಲ. ತಪ್ಪು ಮಾಡಿ ಎದುರು ನಿಂತರೆ ಡಬ್ಬಿ ತೆರೆದು, ಚಿಟಿಕೆ ನಸ್ಯ ಏರಿಸಿ, ಮೂಗು ಒರೆಸಿಕೊಂಡು, ಆಮೇಲೆ ಒಂದೇ ಮಾತು ಹೇಳುತ್ತಿದ್ದರು. ಅಷ್ಟು ಹೊತ್ತು ಕಾಯುವುದೇ ದೊಡ್ಡ ಶಿಕ್ಷೆ.

ಆ ನಸ್ಯದ ಶಿಕ್ಷೆ ನನಗೆ ಮೊದಲ ಸಲ ಆದದ್ದು ಎತ್ತುಗಳ ದೆಸೆಯಿಂದ. ಆಗ ದನಗಳ ದೊಡ್ಡರೋಗ ಕೊಟ್ಟಿಗೆಗೆ ಕೊಟ್ಟಿಗೆಯನ್ನೇ ಬರಿದು ಮಾಡುತ್ತಿದ್ದ ಕಾಲ. ಆಡಿನ ಮೈಯಲ್ಲಿ ಬೆಳೆಸಿ ತಯಾರಿಸಿದ ಲಸಿಕೆಯನ್ನು ಐಸ್ ತುಂಬಿದ ಫ್ಲಾಸ್ಕಿನಲ್ಲಿಟ್ಟು ಸೈಕಲ್ಲಿಗೆ ಕಟ್ಟಿಕೊಂಡು ಹಳ್ಳಿಗೆ ಹೋಗಬೇಕು. ಐಸ್ ಕರಗಿದರೆ ಲಸಿಕೆ ಸತ್ತಂತೆ. ವರುಣಾ ಕಡೆಯ ಒಂದು ಹಳ್ಳಿಗೆ ಏದುಸಿರು ಬಿಟ್ಟುಕೊಂಡು ಹೋಗಿ ಸೂಜಿ ತೆಗೆದೆ. ಒಬ್ಬರೂ ಎತ್ತು ಹಿಡಿದುಕೊಂಡು ಬರಲಿಲ್ಲ. ಕೊನೆಗೆ ಪಟೇಲರು ಬಂದು, “ಇವತ್ತು ಸೋಮಾರ ಕಣ್ ಸ್ವಾಮಿ. ಬಸವನ್ಗೆ ಇವತ್ತು ನೊಗಾನೇ ಇಕ್ಕಕಿಲ್ಲ, ಸೂಜಿ ಚುಚ್ಚುಸ್ತೀವಾ? ನಾಳೀಕೆ ಬನ್ನಿ, ಎಲ್ಲಾವ್ನೂ ಇಡ್ಕೊಡ್ತೀವಿ” ಎಂದರು. ನಾಳೆಯವರೆಗೆ ಐಸ್ ನಿಲ್ಲಬೇಕಲ್ಲ! ಅಷ್ಟೂ ಲಸಿಕೆ ನೀರಾಗಿ ಹೋಯಿತು.

ಚನ್ನಕೇಶವಯ್ಯನವರು ನಸ್ಯ ಏರಿಸಿ ಮೂಗು ಒರೆಸಿಕೊಂಡರು. “ನಿಮ್ಮದೂ ಎತ್ತು ಕಟ್ಟಿದ ಮನೆತನ ಅಲ್ಲವೇನ್ರೀ? ಸೋಮವಾರ ಎತ್ತು ಮುಟ್ಟಬಾರದು ಅನ್ನೋದನ್ನ ನಿಮಗೆ ನಾನು ಹೇಳಿಕೊಡಬೇಕೇ?” ಎಂದರು. ಆಮೇಲೆ ನಾನು ಬಾಗಿಲ ಹತ್ತಿರ ಹೋದಾಗ ಹಿಂದಿನಿಂದ ಹೇಳಿದರು: “ಸೂಜಿ ತೆಗೆಯೋದಕ್ಕೆ ಮುಂಚೆ ಜಗಲಿ ಮೇಲೆ ಕೂತು ಮಾತಾಡಿ. ಜನ ಏನು ಮಾಡ್ತಾರೆ ಅನ್ನೋದು ಗೊತ್ತಿಲ್ಲದೆ ದನಕ್ಕೆ ಏನಾಗಿದೆ ಅಂತ ಗೊತ್ತಾಗಲ್ಲ.” ಆ ಮಾತಿನ ತೂಕ ನನಗೆ ಅರ್ಥವಾಗಲು ಪುಟ್ಟಯ್ಯ ಬರಬೇಕಾಯಿತು.

ಪುಟ್ಟಯ್ಯ ಜಟಕಾ ಗಾಡಿಯವನು. ಐವತ್ತರ ದಶಕದಲ್ಲಿ ಮೈಸೂರಿಗೆ ಜಟಕಾ ಬಿಟ್ಟರೆ ಬೇರೆ ಕಾಲಿರಲಿಲ್ಲ. ವಕೀಲರು ಕೋರ್ಟಿಗೆ ಹೋಗುವುದು, ಹೆಣ್ಣುಮಕ್ಕಳು ಹೆರಿಗೆಗೆ ಹೋಗುವುದು, ಬೀಗರು ಚಾಮರಾಜಪುರಂನ ಮದುವೆ ಮನೆಗೆ ಇಳಿಯುವುದು, ಎಲ್ಲ ಜಟಕಾದಲ್ಲಿ. ರೈಲಿಳಿದು ಬಂದವರಿಗೆ ಸಿಗುತ್ತಿದ್ದ ಒಂದು ಜಟಕಾ ಸ್ಟ್ಯಾಂಡಿನಲ್ಲಿ ಒಂದರ ಹಿಂದೆ ಒಂದು ಕುದುರೆಗಳು ಕಾಯಿಲೆ ಬಿದ್ದವು. ಮೂಗಿನಿಂದ ಹಸಿರು ಸಿಂಬಳ, ದವಡೆಯ ಕೆಳಗೆ ಗಂಟು, ಮೈಮೇಲೆ ಒಡೆಯುವ ಹುಣ್ಣು. ನೋಡಿದ ತಕ್ಷಣ ಚನ್ನಕೇಶವಯ್ಯನವರು ಎರಡು ಹೆಜ್ಜೆ ಹಿಂದೆ ಸರಿದು, ನನ್ನನ್ನೂ ತೋಳು ಹಿಡಿದು ಎಳೆದರು. ಅದು ಗ್ಲ್ಯಾಂಡರ್ಸ್. ಕುದುರೆಗೆ ಬಂದರೆ ಔಷಧ ಕೊಡುವಂತಿಲ್ಲ, ಕಾನೂನಿನ ಪ್ರಕಾರ ಗುಂಡಿಟ್ಟು ಕೊಂದು, ಸುಣ್ಣ ಸುರಿದು ಹೂಳಬೇಕು. ಯಾಕೆಂದರೆ ಅದು ಮನುಷ್ಯನಿಗೂ ಹತ್ತುತ್ತದೆ. ಹತ್ತಿದರೆ ಬದುಕುವವರು ಕಡಿಮೆ.

ರೋಗ ಇದೆಯೋ ಇಲ್ಲವೋ ತಿಳಿಯಲು ಒಂದು ಪರೀಕ್ಷೆಯಿತ್ತು. ಮ್ಯಾಲೀನ್ ಎಂಬ ದ್ರವವನ್ನು ಕುದುರೆಯ ಕೆಳರೆಪ್ಪೆಗೆ ಸೂಜಿಯಿಂದ ಒಂದಿಷ್ಟು ಏರಿಸಿ, ಎರಡು ದಿನ ಬಿಟ್ಟು ನೋಡುವುದು. ಕಣ್ಣು ತಿಳಿಯಾಗಿದ್ದರೆ ಕುದುರೆ ಉಳಿಯಿತು. ರೆಪ್ಪೆ ಊದಿ ಕೀವು ಕಟ್ಟಿದ್ದರೆ ಮುಗಿಯಿತು. ಆ ಎರಡು ದಿನ ಗಾಡಿಯವರು ನನ್ನ ಮುಖ ನೋಡುತ್ತಿದ್ದ ರೀತಿ ಯಾವ ಶತ್ರುವಿಗೂ ಬೇಡ. ನಾನು ಸೈಕಲ್ಲು ಇಳಿಯುವುದು ಕಂಡರೆ ಸಾಕು, “ಬಂದ್ಬುಟ್ರು ಯಮಧರ್ಮರಾಯ್ರು” ಎಂದು ಬೀಡಿ ಎಸೆದು ಎದ್ದು ಹೋಗುತ್ತಿದ್ದರು.

ಎದ್ದು ಹೋಗದೆ ಕೂತಿರುತ್ತಿದ್ದವರು ಒಬ್ಬರೇ, ಬಾಬಾಜಾನ್ ಸಾಬರು. ಸ್ಟ್ಯಾಂಡಿಗೆ ಹಿರಿಯರು. ಬಿಳಿ ಗಡ್ಡ, ಮಾತು ಕಡಿಮೆ. ಅವರ ಹೆಣ್ಣು ಕುದುರೆ ಮೋತಿ, ಬೂದು ಬಣ್ಣದ್ದು, ಎಂದೂ ಎಡವಿದ್ದಿಲ್ಲ, ಕಾಯಿಲೆ ಬಿದ್ದದ್ದಿಲ್ಲ. ಮೋತಿಯ ಗಾಡಿಯಲ್ಲಿ ಹೋದ ಬಸುರಿಯರೆಲ್ಲ ಸುಖವಾಗಿ ಹೆತ್ತರೆಂದು ಮಾತಿತ್ತು. ಇತ್ತೀಚೆಗೆ ಸ್ವಲ್ಪ ಬಡವಾಗಿದ್ದಳು. ವಯಸ್ಸಾಯಿತಲ್ಲ ಎಂದು ಎಲ್ಲರೂ ಅಂದುಕೊಂಡಿದ್ದರು, ನಾನೂ ಅಂದುಕೊಂಡಿದ್ದೆ. ಸಾಬರು ಉಳಿದವರನ್ನು ಕರೆದು ಸಮಾಧಾನ ಹೇಳುತ್ತಿದ್ದರು: “ಡಾಕ್ಟ್ರ ಮೇಲೆ ಕೋಪ ಯಾಕೆ ಮಾಡ್ಕೋತೀರಪ್ಪ? ಅವರೇನು ಕಾಯಿಲೆ ಜೇಬಲ್ಲಿ ಇಟ್ಕೊಂಡು ಬರ್ತಾರಾ?”

ಕಾಯಿಲೆ ಬಿದ್ದದ್ದೆಲ್ಲ ಸ್ಟ್ಯಾಂಡಿಗೆ ಹೊಸದಾಗಿ ಬಂದ ಕುದುರೆಗಳು. ಹಳೆಯವು ಗಟ್ಟಿಯಾಗಿದ್ದವು. ಹೊಸ ಕುದುರೆಗಳನ್ನು ಸಂತೆಯಿಂದ ತರುತ್ತಾರೆ, ದಾರಿಯಲ್ಲಿ ಅಂಟಿಸಿಕೊಂಡು ಬರುತ್ತವೆ, ಬಂದು ಸ್ಟ್ಯಾಂಡಿನ ಕಲ್ಲು ತೊಟ್ಟಿಯಲ್ಲಿ ಮೂತಿ ಅದ್ದಿ ಇನ್ನೊಂದು ಹೊಸ ಕುದುರೆಗೆ ಕೊಡುತ್ತವೆ ಎಂದು ಚನ್ನಕೇಶವಯ್ಯನವರು ತೀರ್ಮಾನಿಸಿದರು. ತೊಟ್ಟಿ ಬರಿದು ಮಾಡಿಸಿ ಮುಚ್ಚಿಸಿದೆವು. ಬೇಸಿಗೆ. ಗಾಡಿಯವರು ದೂರದ ನಲ್ಲಿಯಿಂದ ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಕುದುರೆಗೆ ಕುಡಿಸಿದರು. ನಮಗೆ ಬಿದ್ದ ಶಾಪ ಅಷ್ಟಿಷ್ಟಲ್ಲ.

ಪುಟ್ಟಯ್ಯ ಬಂದದ್ದು ತೊಟ್ಟಿ ಮುಚ್ಚಿದ ಮೇಲೆ. ರಾಗಿ ಬೆಳೆಯುವ ಮನೆಯಿಂದ ಬಂದ ಒಕ್ಕಲಿಗರ ಹುಡುಗ, ಮದುವೆಯಾಗಿ ಒಂದು ಕೂಸಿತ್ತು. ಹೆಂಡತಿ ಚೆನ್ನಮ್ಮ. ಸಾಲುಸಾಲಾಗಿ ನಿಂತ ಗಾಡಿಗಳಲ್ಲಿ ಅವನದೇ ಥಳಥಳ ಹೊಳೆಯುತ್ತಿತ್ತು. ಕುದುರೆಯ ಹೆಸರು ಭೈರ. ಸಂತೆಯಿಂದ ತಂದವನೇ ನೇರ ನಮ್ಮ ಆಫೀಸಿಗೆ ಹೊಡೆದುಕೊಂಡು ಬಂದು, “ನಮ್ದ್ಕೂ ಕಣ್ಣಿಗೆ ಚುಚ್ಚಿ ನೋಡ್ಬುಡಿ ಸ್ವಾಮಿ, ಆಮ್ಯಾಕೆ ಎದ್ರಿಕೆ ಇರಕಿಲ್ಲ” ಎಂದ. ತಾನಾಗಿ ಬಂದ ಗಾಡಿಯವನನ್ನು ನಾನು ಕಂಡದ್ದು ಅವನೊಬ್ಬನನ್ನೇ. ಪರೀಕ್ಷೆ ಮಾಡಿದೆ. ಭೈರನ ಕಣ್ಣು ತಿಳಿನೀರಿನಂತಿತ್ತು.

ಮಳೆಗಾಲ ಹಿಡಿಯುವ ಹೊತ್ತಿಗೆ ಅದೇ ಭೈರನ ಮೂಗಿನಲ್ಲಿ ಹಸಿರು ಸಿಂಬಳ ಬಂತು. ಪುಟ್ಟಯ್ಯ ಈ ಸಲ ನಮ್ಮ ಹತ್ತಿರ ಬರಲಿಲ್ಲ. ಶೀತ ಎಂದು ತನಗೆ ತಾನೇ ಹೇಳಿಕೊಂಡು, ಕೊಟ್ಟಿಗೆಯ ಬಾಗಿಲು ಮುಚ್ಚಿ, ಕಷಾಯ ಹೊಯ್ದು, ತನ್ನ ಹೆಗಲ ವಸ್ತ್ರದಲ್ಲೇ ಅದರ ಮೂಗು ಒರೆಸುತ್ತ ಕೂತ. ಲಗಾಮು ಉಜ್ಜಿ ಅವನ ಬೆರಳಲ್ಲಿ ಗಾಯವಿತ್ತು. ನಮಗೆ ಸುದ್ದಿ ಮುಟ್ಟುವಷ್ಟರಲ್ಲಿ ಭೈರನ ಮೈಮೇಲೆ ಹುಣ್ಣು ಒಡೆದಿತ್ತು.

ಊರಾಚೆಯ ಬಯಲಿಗೆ ಅವನೇ ಕುದುರೆ ನಡೆಸಿಕೊಂಡು ಬಂದ. ಗುಂಡಿ ತೋಡಿಯಾಗಿತ್ತು. “ಅದ್ಕೆ ಗೊತ್ತಾಯ್ತದಾ ಸ್ವಾಮಿ?” ಎಂದು ಕೇಳಿದ. ಗೊತ್ತಾಗುವುದಿಲ್ಲ ಎಂದೆ. “ನಿಮ್ಗೆಂಗೆ ಗೊತ್ತು?” ಎಂದ. ಕೋಪದಿಂದ ಕೇಳಿದ್ದಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದ್ದು. ಹಗ್ಗ ಬಿಟ್ಟು ದೂರ ಹೋಗು ಎಂದು ಎರಡು ಸಲ ಹೇಳಬೇಕಾಯಿತು. ಗುಂಡಿನ ಸದ್ದಾದಾಗ ಅವನು ಬೆನ್ನು ತಿರುಗಿಸಿ ನಿಂತಿದ್ದ, ಕೈ ಮಾತ್ರ ಹಗ್ಗ ಹಿಡಿದ ಹಾಗೇ ಇತ್ತು.

ಅಂದು ಮಧ್ಯಾಹ್ನ ಚನ್ನಕೇಶವಯ್ಯನವರು ನಕ್ಷೆಯ ಮುಂದೆ ಬಹಳ ಹೊತ್ತು ನಿಂತರು. ನಸ್ಯದ ಡಬ್ಬಿ ತೆಗೆಯಲಿಲ್ಲ. “ಕುದುರೆ ಸಂತೆಯಿಂದ ಬಂದಾಗ ಶುದ್ಧವಾಗಿತ್ತು. ನೀವೇ ನೋಡಿದ್ದೀರಿ. ತೊಟ್ಟಿ ಮುಚ್ಚಿತ್ತು. ಅಂದಮೇಲೆ ತೊಟ್ಟಿಯಲ್ಲ. ನಾನು ತಪ್ಪಿದೆ ಕಣ್ರೀ. ಇವತ್ತೇ ಅದಕ್ಕೆ ನೀರು ಬಿಡಿಸಿ” ಎಂದರು. ಅಷ್ಟು ದೊಡ್ಡ ಅಧಿಕಾರಿ ತನ್ನ ಕೆಳಗಿನವನ ಮುಂದೆ ಹಾಗೆ ಹೇಳಿದ್ದನ್ನು ಆಮೇಲೆ ನಾನು ಇಲಾಖೆಯಲ್ಲಿ ಎಲ್ಲೂ ಕೇಳಲಿಲ್ಲ. ನಕ್ಷೆಯಿಂದ ನನ್ನ ಕಡೆ ತಿರುಗಿ, “ಸತ್ತ ಕುದುರೆಗಳನ್ನು ಕೇಳಿದ್ದು ಸಾಕು. ಬದುಕಿರೋದನ್ನ ಕೇಳಿ. ಹೊಸದಾಗಿ ಬಂದು, ಕಾಯಿಲೆ ಬೀಳದೆ ಉಳಿದದ್ದು ಯಾವುದಾದರೂ ಇದೆಯೇ?” ಎಂದರು.

ಒಂದಿತ್ತು. ಕಾದರ್ ಸಾಬನ ಕುದುರೆ. ಕಾದರ್ ಬಾಬಾಜಾನ್ ಸಾಬರ ಒಡಹುಟ್ಟಿದ ತಮ್ಮ. ಮಗಳ ಮದುವೆಯ ಮಾತುಕತೆಗೆ ಅಣ್ಣನನ್ನು ಕರೆಯಲಿಲ್ಲವೆಂದು ಇಬ್ಬರಿಗೂ ಮಾತು ಬಿಟ್ಟುಹೋಗಿತ್ತು. ಒಂದೇ ಸ್ಟ್ಯಾಂಡಿನಲ್ಲಿ ಅಣ್ಣ ಈ ತುದಿ, ತಮ್ಮ ಆ ತುದಿ. ನಾನು ಕಾದರನ ಕೊಟ್ಟಿಗೆಯಲ್ಲಿ ದಿನಗಟ್ಟಲೆ ಕೂತೆ. ಹುಲ್ಲು ಅದೇ ಅಂಗಡಿಯದು, ಲಾಳ ಕಟ್ಟುವವನು ಅವನೇ, ತೊಟ್ಟಿ ಅದೇ, ಕೊಟ್ಟಿಗೆಗೂ ಪಕ್ಕದ ಕೊಟ್ಟಿಗೆಗೂ ಒಂದೇ ಗೋಡೆ. ಆ ಪಕ್ಕದ ಕೊಟ್ಟಿಗೆಯ ಹೊಸ ಕುದುರೆ ಸತ್ತಿತ್ತು. “ನೀನು ಬೇರೆ ಏನು ಮಾಡ್ತೀಯಪ್ಪ?” ಎಂದು ಕೇಳಿ ಕೇಳಿ ಅವನಿಗೆ ರೇಗಿಹೋಯಿತು. “ನಾನೇನು ಮಾಡ್ತೀನ್ರೀ? ಎಲ್ಲರೂ ಮಾಡೋದೇ ಮಾಡ್ತೀನಿ. ಕುದುರೆ ಬದುಕಿರೋದೂ ತಪ್ಪಾ?” ಎಂದ. ಅವನು ಸುಳ್ಳು ಹೇಳಿರಲಿಲ್ಲ. ಅವನು ಮಾಡಿದ್ದೇನೂ ಇರಲಿಲ್ಲ, ಮಾಡದೇ ಬಿಟ್ಟದ್ದು ಒಂದಿತ್ತು. ಅದನ್ನು ಕೇಳಬೇಕೆಂದು ನನಗೆ ಹೊಳೆಯಲಿಲ್ಲ.

ಅಷ್ಟರಲ್ಲಿ ಚೆನ್ನಮ್ಮ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಆಫೀಸಿಗೆ ಬಂದಳು. “ಜರ ಬುಡ್ತಾನೇ ಇಲ್ಲ ಸ್ವಾಮಿ. ಕೈಯೆಲ್ಲ ಗಂಟು ಗಂಟು ಆಗದೆ. ಕುದ್ರೆ ತರಾನೇ ಮೂಗು ಸೋರ್ತದೆ” ಎಂದಳು. ಅದೇ ಗಳಿಗೆ ಪುಟ್ಟಯ್ಯನನ್ನು ಆಸ್ಪತ್ರೆಗೆ ಸೇರಿಸಿದೆವು. ಆಗ ಸಿಗುತ್ತಿದ್ದ ಸಲ್ಫಾ ಮಾತ್ರೆಗಳನ್ನು ಅಲ್ಲಿನ ಡಾಕ್ಟರು ಕೊಟ್ಟು ನೋಡಿದರು. ಅವರಿಗೆ ಈ ಕಾಯಿಲೆ ಪುಸ್ತಕದಲ್ಲಿ ಓದಿ ಗೊತ್ತು, ರೋಗಿಯ ಮೈಮೇಲೆ ಕಂಡದ್ದು ಅದೇ ಮೊದಲು.

ಪ್ರತ್ಯೇಕ ಕೋಣೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ನಾನು ಹೋಗಿ ಕೂರುತ್ತಿದ್ದೆ. ಪುಟ್ಟಯ್ಯನಿಗೆ ಮಾತು ಬೇಕಿತ್ತು, ಅದರಲ್ಲೂ ಭೈರನ ಮಾತು. ಒಂದು ದಿನ ಜ್ವರ ತುಸು ಇಳಿದಿತ್ತು. ಚೆನ್ನಮ್ಮ ಬಾಗಿಲ ಹೊರಗೆ ಕೂತಿದ್ದಳು. ನನಗೆ ಚನ್ನಕೇಶವಯ್ಯನವರ ಜಗಲಿಯ ಮಾತು ನೆನಪಾಯಿತು. ಏನನ್ನೂ ತನಿಖೆ ಮಾಡದೆ, “ಭೈರನ್ನ ಮೊದಲನೆ ದಿನ ಸ್ಟ್ಯಾಂಡಿಗೆ ಕರಕೊಂಡು ಹೋದಾಗಿಂದ ಹೇಳಪ್ಪ, ಹೇಗಿತ್ತು?” ಎಂದೆ.

ಅವನ ಮುಖ ಅರಳಿತು. “ಮೊದುಲ್ನೇ ದಿನ ಅಲ್ವಾ ಸ್ವಾಮಿ, ಊವಿನ ಆರ ಆಕಿದ್ದೆ. ಬಾಬಾಜಾನಜ್ಜ ಬಂದು ಬೆನ್ ತಟ್ಬುಟ್ಟು, ಮೋತಿ ಮೂತಿಗೆ ಕಟ್ಟಿರ್ತಾರಲ್ಲ, ಉಳ್ಳಿ ಚೀಲ, ಅದನ್ ಬಿಚ್ಚಿ ತಂದು ಭೈರನ್ ಮೂತಿಗೆ ಕಟ್ಟುದ್ರು. ಮೋತಿ ತಿಂದು ಮಿಕ್ಕಿದ್ ಉಳ್ಳಿ. ಒಸ ಕುದ್ರೆ ಯಾವ್ದೇ ಬರ್ಲಿ ಮೊದುಲ್ನೇ ತುತ್ತು ಅದ್ರಲ್ಲೇ. ಅಜ್ಜನ ಬರ್ಕತ್ತು ಅದು. ಮೋತಿ ತರ ಗಟ್ಯಾಗಿರ್ಲಿ ಅಂತ.”

“ಎಲ್ಲ ಹೊಸ ಕುದುರೆಗೂ ಹಾಗೆಯೇ?”

“ಎಲ್ಲಾದ್ಕೂ. ಕಾದರ್ ಸಾಬ್ರುದ್ಕೆ ಮಾತ್ರ ಇಲ್ಲ. ಅಣ್ತಮ್ಮ ಮಾತಾಡಕಿಲ್ವಲ್ಲ.”

ನನ್ನ ಮುಖದಲ್ಲಿ ಏನು ಕಂಡಿತೋ. ಅವನ ಮಾತು ಅಲ್ಲಿಗೇ ನಿಂತಿತು. ಮೂರ್ಖನಲ್ಲ ಅವನು. “ಮೋತಿಗದೆ ಅಂತೀರಾ?” ಎಂದ.

“ಗೊತ್ತಿಲ್ಲ. ನೋಡಬೇಕು.”

“ಇದ್ರೆ ಅಜ್ಜನ್ಗೆ ಏಳ್ಬ್ಯಾಡಿ ಸ್ವಾಮಿ. ಮೋತಿಗೆ ಕಾಯ್ಲೆ ಅಂತ ಬೇಕಾರೆ ಏಳಿ. ನಮ್ ಕುದ್ರೆಗೆ ಅದ್ರಿಂದ್ಲೇ ಬಂತು ಅಂತ ಏಳ್ಬ್ಯಾಡಿ. ನಂಗೆ ಮಗಾ ಅಂತಾರೆ ಅವ್ರು. ತಡ್ಕಳಕಿಲ್ಲ.”

ನಾನು ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ಸಾಯುತ್ತಿರುವವನು ಕೇಳುತ್ತಿದ್ದಾನೆ, ಮಾತು ಕೊಡಲೇಬೇಕು ಅನ್ನಿಸಿತು. ಕೊಟ್ಟರೆ ಉಳಿದ ಕುದುರೆಗಳ ಗತಿ? ಆ ಚೀಲ ಯಾರ ಯಾರ ಕುದುರೆಯ ಮೂತಿಗೆ ಏರಿತ್ತು, ಯಾವ ಕುದುರೆಯೊಳಗೆ ಕಾಯಿಲೆ ಇನ್ನೂ ಅಡಗಿ ಕೂತಿದೆ, ಹೇಳಬಲ್ಲವರು ಬಾಬಾಜಾನ್ ಸಾಬರು ಒಬ್ಬರೇ. ಅವರಿಂದ ಬಾಯಿ ಬಿಡಿಸಬೇಕಾದರೆ ಯಾಕೆಂದು ಹೇಳಲೇಬೇಕು. ಸೈಕಲ್ಲು ತುಳಿಯಲಾಗದೆ ತಳ್ಳಿಕೊಂಡೇ ಆಫೀಸಿಗೆ ಹೋದೆ.

ಮೋತಿಯ ಕಣ್ಣಿಗೆ ಸೂಜಿ ಹಾಕಬೇಕು ಎಂದಾಗ ಸಾಬರು ಆಶ್ಚರ್ಯಪಟ್ಟರೇ ಹೊರತು ಬೇಡ ಎನ್ನಲಿಲ್ಲ. ಅವರೇ ತಲೆ ಹಿಡಿದುಕೊಂಡು, “ಚಿಕ್ಕ ಸೂಜಿ ಕಣಮ್ಮ, ಡಾಕ್ಟ್ರು ನಮ್ಮೋರೇ” ಎಂದು ಅವಳ ಕಿವಿಯಲ್ಲಿ ಹೇಳಿದರು. ಎರಡು ದಿನ ಬಿಟ್ಟು ನಾನು ಹೋದಾಗ ಸಾಬರು ಗಾಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಮೋತಿಯ ರೆಪ್ಪೆ ಊದಿ ಕಣ್ಣು ಮುಚ್ಚಿಹೋಗಿತ್ತು, ಮೂಲೆಯಲ್ಲಿ ಕೀವು. ಬಹಳ ಕಾಲದಿಂದ ಒಳಗೇ ಹೊಗೆಯಾಡುತ್ತಿದ್ದ ಕಾಯಿಲೆ. ಹೊರಗೆ ತೋರಿಸಿಕೊಳ್ಳದ ಕುದುರೆಗಳೂ ಇರುತ್ತವೆ ಎಂದು ನಾವು ಓದಿದ್ದೆವು. ಓದಿದ್ದೂ ಅವಳನ್ನು ಪರೀಕ್ಷಿಸಬೇಕೆಂದು ಯಾರಿಗೂ ತೋಚಿರಲಿಲ್ಲ.

“ಇವಳೂ ಹೋಗಬೇಕಾ?” ಎಂದರು ಸಾಬರು.

“ಹೌದು, ಸಾಬ್ರೇ.”

ಬಹಳ ಹೊತ್ತು ಮೋತಿಯ ಕುತ್ತಿಗೆ ಸವರಿದರು. ಕೈ ಹಾಗೆಯೇ ಸವರುತ್ತ ಸವರುತ್ತ ಬಂದು ಮೂತಿಯ ಚೀಲದ ಹತ್ತಿರ ನಿಂತಿತು. ತಾವಾಗಿಯೇ ಕೇಳಿದರು: “ಡಾಕ್ಟ್ರೇ, ಇದು ಹುರುಳಿ ಜೊತೆ ಹೋಗ್ತದಾ?”

ಸುಳ್ಳು ಹೇಳಲು ನನಗೆ ಅಲ್ಲೊಂದು ಗಳಿಗೆ ಸಿಕ್ಕಿತ್ತು. “ಹೋಗ್ತದೆ” ಎಂದೆ.

“ಪುಟ್ಟಯ್ಯಂದೂ?”

“ಹೌದು.”

ಅವರು ಅಳಲಿಲ್ಲ. ಚೀಲವನ್ನು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಮುಟ್ಟಬೇಡಿ ಎಂದು ನಾನು ಹೇಳುವುದರೊಳಗೆ, “ನನ್ನ ಕೈಯಾರೆ ಕಟ್ಟಿದ್ದು” ಎಂದರು. ಇನ್ನೊಂದು ಸಲ ಅದನ್ನೇ ಹೇಳಿದರು. ಸ್ಟ್ಯಾಂಡಿನಲ್ಲಿ ಇದ್ದವರೆಲ್ಲ ಎದ್ದು ನಿಂತಿದ್ದರು. ಆ ತುದಿಯಿಂದ ಕಾದರ್ ಸಾಬ ನಡೆದು ಬಂದ. ಅಣ್ಣನ ಮಡಿಲಿಂದ ಚೀಲ ತೆಗೆದುಕೊಂಡು ನಾನು ತಂದಿದ್ದ ಡಬ್ಬಕ್ಕೆ ಹಾಕಿ, ನೀರು ತಂದು ಅಣ್ಣನ ಕೈಗೆ ಹೊಯ್ದ. ಅಷ್ಟು ಕಾಲದ ಮೇಲೆ ಅವರಿಬ್ಬರೂ ಹತ್ತಿರ ನಿಂತದ್ದು ಅವತ್ತೇ.

ಮೋತಿಯನ್ನು ಬಯಲಿಗೆ ಕರೆದೊಯ್ದ ದಿನದ್ದನ್ನು ನಾನು ಬರೆಯುವುದಿಲ್ಲ. ಅದರ ಮಾರನೆಯ ಬೆಳಗ್ಗೆ ಸಾಬರು ನಮ್ಮ ಆಫೀಸಿನ ಮೆಟ್ಟಿಲ ಮೇಲೆ ಬಂದು ಕೂತಿದ್ದರು. “ನಡೀರಿ ಡಾಕ್ಟ್ರೇ, ಯಾರ್ಯಾರಿಗೆ ಕಟ್ಟಿದೀನಿ ತೋರಿಸ್ತೀನಿ” ಎಂದರು. ಮನೆ ಮನೆಗೆ ನಾನೂ ಅವರೂ ಹೋದೆವು. ಪ್ರತಿ ಬಾಗಿಲಲ್ಲಿ ನಿಂತು, ನಾನು ಬಾಯಿ ತೆರೆಯುವ ಮೊದಲೇ ತಾವೇ ಹೇಳುತ್ತಿದ್ದರು: “ನಮ್ಮ ಮೋತಿಗೆ ಕಾಯಿಲೆ ಇತ್ತಪ್ಪ. ನಾನು ಚೀಲ ಕಟ್ಟಿದ್ದೆ. ನಿನ್ನ ಕುದುರೆ ತೋರಿಸು.” ನನ್ನನ್ನು ಯಮಧರ್ಮರಾಯ ಎನ್ನುತ್ತಿದ್ದವರು ಅವರ ಮುಂದೆ ಮರುಮಾತಿಲ್ಲದೆ ಕುದುರೆ ಹೊರಗೆ ತಂದರು. ನಾವು ಹಳೆಯವೆಂದು ಎಣಿಸಿದ್ದ ಕೆಲವು ಕುದುರೆಗಳೂ ಬಂದಾಗ ಅದೇ ಚೀಲದಲ್ಲಿ ತಿಂದಿದ್ದವು, ಅಡಗಿದ್ದ ಕಾಯಿಲೆ ಅವುಗಳಲ್ಲಿ ಸಿಕ್ಕಿತು. ಚೀಲಗಳನ್ನೆಲ್ಲ ಸುಟ್ಟೆವು. ಅಲ್ಲಿಗೆ ಆ ಸ್ಟ್ಯಾಂಡಿನಲ್ಲಿ ಗ್ಲ್ಯಾಂಡರ್ಸ್ ನಿಂತಿತು. ಮೇಲಿನಿಂದ ನಮ್ಮ ವಿಭಾಗಕ್ಕೆ ಪ್ರಶಂಸೆಯ ಪತ್ರ ಬಂತು. ಚನ್ನಕೇಶವಯ್ಯನವರು ಅದನ್ನು ಓದಿ ಡ್ರಾಯರಿನೊಳಗೆ ಹಾಕಿ ಮುಚ್ಚಿದರು.

ಪುಟ್ಟಯ್ಯ ಬದುಕಲಿಲ್ಲ. ಸಾಬರು ಅವನನ್ನು ನೋಡಲು ಆಸ್ಪತ್ರೆಗೆ ಹೋದಾಗ ಅವನು ಯಾರನ್ನೂ ಗುರುತಿಸುವ ಸ್ಥಿತಿಯಲ್ಲಿರಲಿಲ್ಲ. ಕಿಟಕಿಯಾಚೆ ನಿಂತು, “ಮಗಾ, ಪುಟ್ಟಯ್ಯಾ” ಎಂದು ಕರೆದು ಕರೆದು ವಾಪಸಾದರು. ಮಣ್ಣು ಮಾಡುವ ದಿನ ಗುಂಪಿನ ಹಿಂದೆ ದೂರದಲ್ಲಿ ನಿಂತಿದ್ದರು. ಬರುವಾಗ ದಾರಿಯಲ್ಲಿ ನನ್ನ ತೋಳು ಹಿಡಿದರು. “ಆ ಹೆಣ್ಣುಮಗಳಿಗೆ ನೀವು ಹೇಳಬೇಡಿ ಡಾಕ್ಟ್ರೇ. ನಾನು ಹೇಳಬೇಕು. ನಾನೇ ಹೇಳ್ತೀನಿ” ಎಂದರು. ಈ ಸಲ ನಾನು ಮಾತು ಕೊಟ್ಟೆ.

ಅವರಿಗೆ ಹೇಳಲಾಗಲಿಲ್ಲ. ಚೆನ್ನಮ್ಮ ಸ್ಟ್ಯಾಂಡಿನ ಎದುರಿನ ರಸ್ತೆಯಲ್ಲೇ ದಿನವೂ ಕೆಲಸಕ್ಕೆ ಹೋಗಿ ಬರುತ್ತಿದ್ದಳು. ಅವಳು ಬರುವ ಹೊತ್ತಿಗೆ ಸಾಬರು ಎದ್ದು ಗಾಡಿಗಳ ಹಿಂದಕ್ಕೆ ಹೋಗಿಬಿಡುತ್ತಿದ್ದರು. ಬೇರೆ ಕುದುರೆ ಕಟ್ಟಲಿಲ್ಲ. ಕಾದರನ ಮನೆಯಲ್ಲಿ ಊಟ, ಬೆಳಗಾದರೆ ಸ್ಟ್ಯಾಂಡಿಗೆ ಹಾಜರು. ಒಂದು ಬಕೆಟ್ಟಿನಲ್ಲಿ ಫಿನಾಯಿಲ್ ನೀರು, ಒಂದರಲ್ಲಿ ಒಳ್ಳೆಯ ನೀರು ಇಟ್ಟುಕೊಂಡು ಕೂರುತ್ತಿದ್ದರು. ಹೊಸ ಕುದುರೆ ಬಂದರೆ ಮೊದಲು ಅದರ ಕಣ್ಣಿನ ಪರೀಕ್ಷೆ ಆಗಿದೆಯೇ ಎಂದು ಕೇಳಿ, ಅದರದೇ ಚೀಲ ಈಸಿಕೊಂಡು, ಎರಡೂ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದು, ಬಿಸಿಲಿಗೆ ಒಣಹಾಕಿ ಕೊಡುತ್ತಿದ್ದರು. ಹುರುಳಿ ಮಾತ್ರ ಮುಟ್ಟುತ್ತಿರಲಿಲ್ಲ. ನಾವು ಎಷ್ಟು ಭಾಷಣ ಮಾಡಿದರೂ ಆಗದ ಕೆಲಸ ಅದು.

ಆಮೇಲೆ ಇಲಾಖೆಗೆ ಜೀಪು ಬಂತು. ಲಸಿಕೆ ಒಣಪುಡಿಯಾಗಿ ಬಂತು, ಐಸಿನ ಗೋಳು ಕಡಿಮೆಯಾಯಿತು. ದೊಡ್ಡರೋಗಕ್ಕೆ ಇಡೀ ದೇಶದಲ್ಲೇ ಲಸಿಕೆ ಹಾಕುವ ಕಾಲ ಬಂತು. ನಾನು ಸೋಮವಾರ ಬಿಟ್ಟು ಉಳಿದ ದಿನಗಳಲ್ಲಿ ಹಳ್ಳಿಗೆ ಹೋಗುತ್ತಿದ್ದೆ. ಚನ್ನಕೇಶವಯ್ಯನವರು ನಿವೃತ್ತರಾಗಿ ಲಕ್ಷ್ಮೀಪುರಂನ ಮನೆಯ ಜಗಲಿಯಲ್ಲಿ ಕೂತರು. ಅರವತ್ತರ ದಶಕ ಅರ್ಧ ಕಳೆಯುವಾಗ ರಸ್ತೆಯಲ್ಲಿ ಆಟೋರಿಕ್ಷಾ ಕಾಣಿಸಿಕೊಂಡವು, ಸ್ಟ್ಯಾಂಡಿನ ಸಾಲು ಚಿಕ್ಕದಾಗುತ್ತ ಬಂತು.

ಅಂಥ ಒಂದು ಬೆಳಗ್ಗೆ ಹೊಸ ಕುದುರೆಯೊಂದರ ಪರೀಕ್ಷೆ ಮುಗಿಸಿ, ಕಣ್ಣು ತಿಳಿಯಾಗಿದೆ ಎಂದು ಹೇಳಿ, ಅದರ ಜೊತೆಯಲ್ಲೇ ನಾನೂ ಸ್ಟ್ಯಾಂಡಿಗೆ ಹೋದೆ. ಕುದುರೆ ಚೆನ್ನಮ್ಮನ ತಮ್ಮನದು, ಭಾವ ಓಡಿಸುತ್ತಿದ್ದ ಗಾಡಿಯನ್ನೇ ರಿಪೇರಿ ಮಾಡಿಸಿ ಕಟ್ಟಿದ್ದ. ಮುಂದೆ ಚೆನ್ನಮ್ಮ ಹಗ್ಗ ಹಿಡಿದು ನಡೆಯುತ್ತಿದ್ದಳು. ಸಾಬರು ಕಂಡರು. ಏಳಲು ಹೋದರು, ಈಗ ಮೊದಲಿನಂತೆ ಬೇಗ ಏಳಲಾಗುತ್ತಿರಲಿಲ್ಲ. ಅವಳು ಬಂದು ಅವರ ಮುಂದೆಯೇ ಕುದುರೆ ನಿಲ್ಲಿಸಿ, ಹೊಸ ಚೀಲವನ್ನು ಮುಂದೆ ಚಾಚಿದಳು.

ಸಾಬರು ಚೀಲ ತೆಗೆದುಕೊಳ್ಳಲಿಲ್ಲ. ಕೈ ಎರಡೂ ಮೊಣಕಾಲ ಮೇಲಿಟ್ಟುಕೊಂಡು ತಲೆ ತಗ್ಗಿಸಿದರು. “ಅಮ್ಮಾ, ನಿನಗೊಂದು ಮಾತು ಹೇಳೋದು ಬಾಕಿ ಇದೆ. ಆವತ್ತು ಪುಟ್ಟಯ್ಯನ ಕುದುರೆಗೆ” ಎಂದು ಶುರು ಮಾಡಿದರು. ಮತ್ತೆ, “ಆವತ್ತು ನಾನು” ಎಂದರು.

“ಗೊತ್ತು ಕಣಜ್ಜ” ಎಂದಳು ಚೆನ್ನಮ್ಮ. “ಆಸ್ಪತ್ರೇಲಿ ಬಾಗ್ಲತ್ರಾನೇ ಕೂತಿದ್ದೆ. ಎಲ್ಲಾ ಕೇಳುಸ್ತು. ಅಜ್ಜನ್ಗೆ ಗೊತ್ತಾಗ್ಬಾರ್ದು, ನೀನು ಯಾವತ್ತೂ ಬಾಯ್ ಬುಡ್ಬ್ಯಾಡ ಅಂತ ನಮ್ಮನೇವ್ರು ನನ್ ಕೈಲೂ ಮಾತ್ ಈಸ್ಕೊಂಡ್ರು. ನೀವು ನನ್ ಕಂಡ್ರೆ ಎದ್ದೋಯ್ತಿದ್ರಿ. ನಂಗೆ ಎಂಗ್ ಏಳದು?”

ಸಾಬರು ತಲೆ ಎತ್ತಿ ಅವಳನ್ನು ನೋಡಿದರು. ಅಷ್ಟು ವರ್ಷ ನನಗೆ ಅಳುವುದನ್ನು ತೋರಿಸದ ಮನುಷ್ಯ ಅಂದು ರಸ್ತೆಯಲ್ಲಿ ಕೂತು ಅತ್ತರು. ಕಾದರ್ ಬಂದು ಹಿಂದೆ ನಿಂತ. ಅವರ ಅಳು ನಿಲ್ಲುವವರೆಗೆ ಚೆನ್ನಮ್ಮ ಕಾದಳು, ಆಮೇಲೆ ಚೀಲವನ್ನು ಮತ್ತೆ ಚಾಚಿದಳು.

ಅವರು ಅದನ್ನು ಫಿನಾಯಿಲ್ ನೀರಿನಲ್ಲಿ ತೊಳೆದರು, ಒಳ್ಳೆಯ ನೀರಿನಲ್ಲಿ ಎರಡು ಸಲ ಜಾಲಿಸಿದರು. ಬಿಸಿಲಿಗೆ ಒಣಹಾಕಿದರು. ಒಣಗಿದ ಮೇಲೆ ಅವಳು ಸೆರಗಿನಿಂದ ಹುರುಳಿ ಬಿಚ್ಚಿ, “ನೀವೇ ಆಕಿ, ಅಜ್ಜ” ಎಂದಳು. ಸಾಬರು ನನ್ನ ಕಡೆ ತಿರುಗಿ ನೋಡಿದರು. ನಾನು ತಲೆಯಾಡಿಸಿದೆ. ಬೊಗಸೆಯಲ್ಲಿ ಹುರುಳಿ ತುಂಬಿ ಚೀಲಕ್ಕೆ ಹಾಕಿ, ಕುದುರೆಯ ಮೂತಿಗೆ ಕಟ್ಟಿದರು. ಅದು ತಿನ್ನತೊಡಗಿತು.